ಎಂಬತ್ತು ವರ್ಷದ ಹಿಂದೆಯೇ ತೀರಿಕೊಂಡ ನನ್ನ ಅಜ್ಜಿಯ ಪರವಾಗಿ

ಸೇಂತ್-ಓದಿಲ್, ಕೆಬೆಕ್ ಪ್ರಾಂತ
ಜುಲೈ 1959

ವಂಶಾವಳಿ ಪಂಡಿತರೂ ಸತ್ತವರೆಲ್ಲರ ಆಪ್ತರೂ ಆದ ಮಾನ್ಯ ಎಲ್ಜೆಯಾರ್ ಪೊಮರ್ಲೊ ಅವರಿಗೆ,

ಮಾನ್ಯರೇ, ತಮ್ಮ ಕನ್ನಡಕಕ್ಕೂ ತಮ್ಮ ಚಿನ್ನದ ಅಂಚಿನ ಚೌಕಟ್ಟಿಗೂ ಮೊದಲು ವಂದನೆಗಳು. ನಮ್ಮ ವಂಶದ ಸಂಘದವರು ಬರೆಸಿದ ವಂಶವೃಕ್ಷ ಈಗ ಚರ್ಚಿನ ಸಭಾಂಗಣದಲ್ಲಿ ನೇತಾಡುತ್ತಿದೆ. ಮೂಲಪುರುಷ ಪಿಯೇರ್ ಗಾರ್ನೋ ಉರುಫ್ ತ್ರಾಂಶ್‌ಮೊಂತಾನ್ ಅವರಿಗೆ ತಾವು ಲಾಂಛನ ಬರೆಸಿ ಕತ್ತಿ, ಬೆಟ್ಟ, ಕಿರೀಟ ಎಲ್ಲವನ್ನೂ ದಯಪಾಲಿಸಿದ್ದೀರಿ. ಬೆಟ್ಟ ಸೀಳುವವನು ಎಂಬ ಆ ಅಡ್ಡಹೆಸರನ್ನು ಈ ದೇಶಕ್ಕೆ ಬರುವ ಹಡಗು ಹತ್ತುವಾಗ ಅವರ ದಳಪತಿ ಇಟ್ಟದ್ದು. ಪಕ್ಕದಲ್ಲಿ ನಿಂತವನಿಗೆ ಅದೇ ದಳಪತಿ ಎಲೆಕೋಸು ಎಂದು ಇಟ್ಟಿದ್ದ. ಆದರೂ ಸಾಮಾನ್ಯ ಸಿಪಾಯಿಯೊಬ್ಬನನ್ನು ಸತ್ತ ಮೇಲೆ ಸರದಾರನನ್ನಾಗಿ ಮಾಡಿದ ತಮ್ಮ ಔದಾರ್ಯಕ್ಕೆ ನಾವು ಋಣಿಗಳು.

ಅಷ್ಟೇ ಔದಾರ್ಯದಿಂದ ತಾವು ನನ್ನ ಅಜ್ಜಿ ಮರೀ-ಎಗ್ಜಿಲ್ದಾ ಅವರ ಹೆಸರಿನ ಮುಂದೆ ಶಿಲುಬೆ ಬರೆದು, 1879ರ ಫೆಬ್ರವರಿಯಲ್ಲಿ ಐದು ವಾರದವರಾಗಿದ್ದಾಗ ತೀರಿಕೊಂಡರು ಎಂದು ನಮೂದಿಸಿದ್ದೀರಿ. ಬರುವ ಭಾನುವಾರ ಮೂಲಪುರುಷರ ಸ್ಮಾರಕ ಕಲ್ಲಿನ ಮುಸುಕನ್ನು ವಂಶದ ಅತಿ ಹಿರಿಯರು ತೆಗೆಯಬೇಕು. ಅಜ್ಜಿಗೆ ಎಪ್ಪತ್ತೊಂಬತ್ತು. ಅವರು ತೀರಿಕೊಂಡಿರುವುದರಿಂದ ಆ ಗೌರವ ಸಂಘದ ಅಧ್ಯಕ್ಷರ ಎಪ್ಪತ್ತಾರು ವರ್ಷದ ಚಿಕ್ಕಮ್ಮನಿಗೆ ಹೋಗಿದೆ.

ಸುದ್ದಿ ಕೇಳಿದಾಗ ಅಜ್ಜಿ ಒಲೆಯ ಮುಂದಿದ್ದರು. "ಏನೇ, ನಾನು ಸತ್ತು ಎಂಬತ್ತು ವರ್ಷ ಆಯ್ತಂತಾ? ಮತ್ತೆ ಈ ಬಟಾಣಿ ಸಾರನ್ನ ಯಾರು ಕುದಿಸ್ತಿರೋದು?" ಎಂದರು. "ಸುಮ್ನಿರಮ್ಮ, ಸತ್ತೋರು ಇಷ್ಟೊಂದು ಬೈಯಲ್ಲ," ಎಂದರು ಚಿಕ್ಕಪ್ಪ. ಸತ್ತ ಮೇಲೆ ಹನ್ನೊಂದು ಮಕ್ಕಳನ್ನು ಹೆತ್ತ ಈ ಹೆಂಗಸು ಆಮೇಲೆ ಕರಿ ಟೋಪಿ ಇಟ್ಟುಕೊಂಡು, ನನ್ನ ಕೈ ಹಿಡಿದು, ತಮ್ಮನ್ನು ಕಾಣಲು ಸಭಾಂಗಣಕ್ಕೆ ಬಂದದ್ದು ತಮಗೆ ನೆನಪಿರಬಹುದು. ತಾವು ಎಲ್ಲರೆದುರು, "ದಾಖಲೆ ಸುಳ್ಳು ಹೇಳಲ್ಲ ಅಮ್ಮಾ, ನಿಮಗೆ ವಯಸ್ಸಾಯ್ತು, ಏನೋ ಗೊಂದಲ," ಎಂದಿರಿ. ಜನ ನಕ್ಕರು. ಅದಕ್ಕೇ ಈ ಪತ್ರ.

ಐದು ವಾರಕ್ಕೆ ಹೋದದ್ದು ಅಜ್ಜಿಯ ಅಕ್ಕ. ಹೆಣ್ಣುಮಕ್ಕಳೆಲ್ಲರೂ ಮರೀ ಆಗಿರುವ ನಮ್ಮ ಊರುಗಳಲ್ಲಿ, ಕೂಸು ಸತ್ತರೆ ಅದರ ಹೆಸರನ್ನು ಮುಂದಿನ ಕೂಸಿಗೆ ಇಡುತ್ತಾರೆ ಎಂಬುದು ಹಾಲು ಕರೆಯುವವರಿಗೂ ಗೊತ್ತು. ತಾವು ಚರ್ಚಿನ ದಾಖಲೆಯಲ್ಲಿ ಸಮಾಧಿಯ ಪುಟದಲ್ಲೇ ನಿಂತುಬಿಟ್ಟಿರಿ; ಇನ್ನೊಂದು ವರ್ಷದಷ್ಟು ಹಾಳೆ ತಿರುವಿದ್ದರೆ ಎರಡನೆಯ ಎಗ್ಜಿಲ್ದಾಳ ನಾಮಕರಣ ಸಿಗುತ್ತಿತ್ತು. ಪಂಡಿತರ ಬೆರಳಿಗೆ ಅಷ್ಟು ಶ್ರಮ ಕೊಡುವುದು ತಪ್ಪೆಂದು ನಾನೂ ಒಪ್ಪುತ್ತೇನೆ. ಅಜ್ಜಿಗೆ ನೋವಾದದ್ದು ನಗುವಿನಿಂದಲ್ಲ. ದಾರಿಯಲ್ಲಿ ಬರುತ್ತಾ ಅವರು ಒಂದೇ ಮಾತು ಹೇಳಿದರು: "ಅವಳಿಗೆ ಸಿಗದ ಆಯುಷ್ಯಾನೂ ನಾನೇ ಬದುಕ್ಬೇಕು ಅಂತ ನಮ್ಮಮ್ಮ ಈ ಹೆಸರು ಇಟ್ಟಿದ್ದು ಕಣೇ. ಈಗ ಇಬ್ಬರೂ ಇಲ್ಲ ಅಂದ್ಬಿಟ್ಟ."

ಆದ್ದರಿಂದ ಭಾನುವಾರದೊಳಗೆ ತಾವು ಅಜ್ಜಿಯನ್ನು ಬದುಕಿಸಿಕೊಡಬೇಕು. ಅದು ಕಷ್ಟವಾದರೆ, ಅವರು ಹೆತ್ತ ಹನ್ನೊಂದು ಮಕ್ಕಳನ್ನೂ ನಲವತ್ತೆರಡು ಮೊಮ್ಮಕ್ಕಳನ್ನೂ ತಮ್ಮ ಮನೆಗೆ ಕರೆಸಿಕೊಂಡು, ನಾವು ಯಾರ ಹೊಟ್ಟೆಯಿಂದ ಬಂದೆವೆಂದು ಒಬ್ಬೊಬ್ಬರಿಗೂ ಬಿಡಿಸಿ ಹೇಳಬೇಕು. ಎರಡೂ ಆಗದಿದ್ದರೆ, ಅಜ್ಜಿ ಕಲ್ಲಿನ ಮುಂದೆ ಬಂದು ನಿಂತಾಗ ಅಡ್ಡ ಬರಬೇಡಿ. ಅವರು ಟೋಪಿಗೆ ಬ್ರಷ್ ಹಾಕಿ ಇಟ್ಟಿದ್ದಾರೆ.

ಸತ್ತವಳ ಮೊಮ್ಮಗಳೂ ತಮ್ಮ ವಿಶ್ವಾಸಿಯೂ ಆದ,
ದೊನಾಲ್ದಾ ಗಾರ್ನೋ

ಮರೆತಿದ್ದೆ: ಅಜ್ಜಿಯ ನಾಮಕರಣದ ಪುಟ ಹುಡುಕುವಾಗ ಪಾದ್ರಿಗಳು ಇನ್ನೊಂದು ಪುಟವನ್ನೂ ತೋರಿಸಿದರು. ಇದೇ ಊರಿನಲ್ಲಿ ತೆಲೆಸ್ಫೋರ್ ಪೊಮರ್ಲೊ ಎಂಬ ಕೂಸು ಮೂರು ದಿನಕ್ಕೆ ತೀರಿಕೊಂಡಿತು. ಮರುವರ್ಷ ಅದೇ ಹೆಸರಿನಲ್ಲಿ ತಮ್ಮ ತಂದೆ ಹುಟ್ಟಿದರು. ತಮ್ಮ ಲೆಕ್ಕದಂತೆ ಅವರು ಮೂರನೆಯ ದಿನವೇ ಹೋದವರು. ಹಾಗಾಗಿ ಭಾನುವಾರದ ವೇದಿಕೆಯಲ್ಲಿ, ಹುಟ್ಟದೇ ಇದ್ದವರಿಗೆ ಕುರ್ಚಿ ಹಾಕಬೇಡಿ ಎಂದು ಸಂಘಕ್ಕೆ ಬರೆದಿದ್ದೇನೆ.