ಸೋಲಾರ್ ಪೆಟ್ಟಿಗೆಗೆ ಕೆಮ್ಮಣ್ಣಿನ ಅಲಂಕಾರ

ದೇವರ ಮುಂದೆ ನಿಂತು ದೊಡ್ಡದನ್ನು ಕೇಳುವ ಅಭ್ಯಾಸ ನನಗಿಲ್ಲ. ಹಾಲು ಉಕ್ಕದಿರಲಿ, ಇಡ್ಲಿ ಹಿಟ್ಟು ಹುದುಗು ಬರಲಿ, ನಲ್ಲಿಯಲ್ಲಿ ನೀರು ಬರುವ ಹೊತ್ತಿಗೆ ನಾನು ಮನೆಯಲ್ಲೇ ಇರುವಂತಾಗಲಿ, ಇಷ್ಟೇ. ಕೊಟ್ಟದ್ದನ್ನು ಬೆರಳು ಮಡಚಿ ಎಣಿಸಿ ಕೈ ಮುಗಿಯುತ್ತೇನೆ. ಆದರೆ ಒಂದು ವರ್ಷ ಮಾತ್ರ ಹಟ ಹಿಡಿದ ಮಗುವಿನ ಹಾಗೆ ದೊಡ್ಡದನ್ನೇ ಕೇಳಿಬಿಟ್ಟೆ. 'ಮಾದಪ್ಪಾ, ನಮ್ಮ ಬಚ್ಚಲ ಒಲೆ ಆರಿಹೋಗಲಿ' ಎಂದೆ. ಒಲೆ ಆರಲಿ ಎಂದು ದೇವರನ್ನು ಬೇಡಿಕೊಂಡ ಗೃಹಿಣಿ ಇಡೀ ಚಾಮರಾಜನಗರದಲ್ಲಿ ನಾನೊಬ್ಬಳೇ ಇರಬೇಕು.

ನಮ್ಮದು ಮಾವನವರ ಕಾಲದ ಹೆಂಚಿನ ಮನೆ. ಗೋಡೆಗಳು ಎಮ್ಮೆಯಷ್ಟು ದಪ್ಪ, ಕಿಟಕಿಗಳು ಬೆಕ್ಕು ತೂರುವಷ್ಟು ಅಗಲ. ಮಟಮಟ ಮಧ್ಯಾಹ್ನವೂ ಅಡುಗೆಮನೆಯಲ್ಲಿ ಬಲ್ಬು ಉರಿಯಬೇಕಿತ್ತು. ನಮ್ಮ ಯಜಮಾನರು ಆಫೀಸಿನಲ್ಲಿ ಯಾವುದೋ ಪತ್ರಿಕೆ ಓದಿಕೊಂಡು ಬಂದು, ಭೂಮಿ ಬಿಸಿಯಾಗುತ್ತಿದೆಯಂತೆ, ಕರೆಂಟು ಸೌದೆ ಎಲ್ಲ ಕಡಿಮೆ ಸುಡಬೇಕಂತೆ ಎಂದು ಶುರುಮಾಡಿದರು. ಮೊದಲು ಎರಡು ಗಾಜಿನ ಹೆಂಚು ಹಾಕಿಸಿದರು. ಬೆಳಕು ದಬದಬ ಸುರಿಯಿತು. ಜೊತೆಗೆ ನಾನು ಇಪ್ಪತ್ತು ವರ್ಷ ಕಾಣದೆ ಬಿಟ್ಟಿದ್ದ ಜೇಡರಬಲೆಗಳೂ ಕಂಡವು. ಎರಡು ದಿನ ನಾಚಿಕೆಯಿಂದಲೂ ಸಂತೋಷದಿಂದಲೂ ಕಸಬರಿಕೆ ಹಿಡಿದು ಓಡಾಡಿದೆ. ಆಮೇಲೆ ಗುಂಡು ಬಲ್ಬುಗಳು ಹೋಗಿ ಸಿಎಫ್‌ಎಲ್ ಬಂದವು. ಹಳೆ ಮನೆಗೆ ಒಂದೊಂದೇ ಹೊಸ ಒಡವೆ ಇಡುತ್ತಿದ್ದೇವೇನೋ ಎಂಬಂಥ ಉತ್ಸಾಹ ನನಗೆ.

ಉಳಿದದ್ದು ಬಚ್ಚಲು. ಅದು ಅತ್ತೆಯ ರಾಜ್ಯ. ಹರದನಹಳ್ಳಿಯಿಂದ ಮದುವೆಯಾಗಿ ಬಂದ ಮಾರನೆಯ ದಿನವೇ ಆ ತಾಮ್ರದ ಹಂಡೆಯ ಮುಂದೆ ಕೂತವರಂತೆ. ಬೆಳಿಗ್ಗೆ ಐದಕ್ಕೆ ಒಲೆ ಹಚ್ಚಿದರೆ ಒಂಬತ್ತರವರೆಗೂ ಅಲ್ಲೇ. ತೆಂಗಿನ ಗರಿ, ಸೌದೆ, ಊದುಕೊಳವೆ, ಹೊಗೆ. ಊದಿ ಊದಿ ಕೆಮ್ಮು ಹತ್ತಿಕೊಂಡಿತ್ತು. ಹೊಗೆ ಬಿಟ್ಟರೆ ಮಾತ್ರ ವಾಸಿ, ಇಲ್ಲದಿದ್ದರೆ ಎದೆಗೆ ಕಷ್ಟ ಎಂದು ಡಾಕ್ಟರು ಹೇಳಿದಾಗ ನನಗೆ ಭಯವಾಯಿತು. ಅತ್ತೆಗೆ ಆಗಲಿಲ್ಲ. "ನಾನೇನ್ ಬೀಡಿ ಸೇದನಾ ಸಾ, ಒಗೆ ಬುಡಕೆ?" ಎಂದು ಅವರನ್ನೇ ಕೇಳಿ ಎದ್ದು ಬಂದರು.

ಸರಿ, ಬಚ್ಚಲ ಮೇಲಿನ ತಾರಸಿಗೆ ಸೋಲಾರ್ ಹೀಟರ್ ಬಂತು. ಮೇಲೊಂದು ಉದ್ದನೆ ಡ್ರಮ್ಮು, ಕೆಳಗೆ ಗಾಜು ಮುಚ್ಚಿದ ಕಪ್ಪು ಪೆಟ್ಟಿಗೆ. ಕೂರಿಸಲು ಬಂದವನು ಪೆಟ್ಟಿಗೆಯ ಮುಖವನ್ನು ದಕ್ಷಿಣಕ್ಕೆ ತಿರುಗಿಸಿದ್ದೇ ಅತ್ತೆ, "ಲೋ ಕೂಸೆ, ಅದು ಯಮನ್ ದಿಕ್ಕು ಕಲಾ, ಮೂಡ್ಲಿಗ್ ತಿರುಗ್ಸು" ಎಂದು ತಡೆದರು. ಇಡೀ ದಿನದ ಬಿಸಿಲು ಸಿಗುವುದು ಆ ಕಡೆಯೇ ಎಂದು ಅವನು ಅಂಗಳದಲ್ಲಿ ಕಡ್ಡಿ ನೆಟ್ಟು ನೆರಳು ತೋರಿಸಿ ಒಪ್ಪಿಸಬೇಕಾಯಿತು. ಒಪ್ಪಿದ ಮೇಲೂ ಒಂದು ಷರತ್ತು ಹಾಕಿದರು. "ದೀಪಾವಳಿ ಎಣ್ಣೆನೀರು ಕಳೀಲಿ ಗೌರಮ್ಮಿ. ಅವತ್ತು ನನ್ ತಲೆ ಮ್ಯಾಕೆ ಸುಡಸುಡ ನೀರ್ ಬಿದ್ರೆ ಒಲೆ ಒಡ್ಸು. ಬೀಳ್ನಿಲ್ವಾ, ಆ ಪೆಟ್ಗೆ ಇಳ್ಸು."

ಹದಿನೈದು ದಿನ ನೀರು ಹಬೆಯಾಡುತ್ತ ಬಂತು. ನಾನೂ ಯಜಮಾನರೂ ಅದರಲ್ಲೇ ಮಿಂದು ಕೆಂಪಗಾದೆವು. ಅತ್ತೆ ಮಾತ್ರ ಹಂಡೆ ಬಿಡಲಿಲ್ಲ. ಗೆಲುವು ನನ್ನದೇ ಎಂದುಕೊಂಡಿದ್ದೆ.

ಅಷ್ಟರಲ್ಲಿ ಎಣ್ಣೆನೀರಿನ ಹಿಂದಿನ ದಿನದ ನೀರು ತುಂಬುವ ಹಬ್ಬ ಬಂತು. ಪ್ರತಿವರ್ಷ ಅಂದು ಹಂಡೆಗೆ ಹುಣಸೆಹಣ್ಣು ಹಾಕಿ ಬೆಳಗಿ, ಕೆಮ್ಮಣ್ಣು ಸುಣ್ಣದ ಪಟ್ಟೆ ಬಳಿದು, ಹೂ ಮುಡಿಸಿ, ಗಂಗೆಯೆಂದು ಪೂಜಿಸುವುದು ವಾಡಿಕೆ. ಈ ಸಲ ಗಂಗೆ ಮೇಲಿದ್ದಾಳೆ, ಕೆಳಗಿನ ಹಂಡೆಗೆ ಪೂಜೆ ಮಾಡಿದರೆ ಅವಳು ಏನೆಂದುಕೊಂಡಾಳು? ಮಾರನೆಯ ಬೆಳಿಗ್ಗೆಯೇ ನನ್ನ ಪರೀಕ್ಷೆ ಬೇರೆ. ಪೂಜೆ ಸಂಜೆ ಆಗಬೇಕಾದದ್ದು. ಆದರೆ ಮಬ್ಬಿನಲ್ಲಿ ಸೀರೆಯುಟ್ಟು ಏಣಿ ಹತ್ತುವ ಧೈರ್ಯವಿಲ್ಲದೆ ಬೆಳಿಗ್ಗೆಯೇ, ಯಜಮಾನರು ಆಫೀಸಿಗೆ ಹೊರಟ ಮೇಲೆ, ಬಕೆಟ್ಟು ಹಿಡಿದು ಹತ್ತಿದೆ. ಡ್ರಮ್ಮು ಎತ್ತರದಲ್ಲಿತ್ತು, ಕೈಗೆಟುಕಲಿಲ್ಲ. ಗಾಜಿನ ಪೆಟ್ಟಿಗೆ ಎದೆಮಟ್ಟಕ್ಕೆ ಅನುಕೂಲವಾಗಿತ್ತು. ಹೊಸ ಹಲಗೆಯ ಹಾಗೆ ನುಣ್ಣಗೆ ಕಂಡದ್ದೇ ನನ್ನ ಕೈ ನಿಲ್ಲಲಿಲ್ಲ. ಅಂಚಿನಿಂದ ಅಂಚಿಗೆ ಗಟ್ಟಿಯಾಗಿ ಕೆಮ್ಮಣ್ಣು ಬಳಿದೆ. ಒಣಗಿದ ಮೇಲೆ ಸುಣ್ಣದ ಪಟ್ಟೆ ಎಳೆದೆ. ತೆರಕಣಾಂಬಿಯಿಂದ ನಾದಿನಿ ಕಳಿಸಿದ್ದ ಒಂದು ಚೀಲ ಚೆಂಡುಹೂವನ್ನೂ ಮಾಲೆ ಕಟ್ಟಿ ಅಡ್ಡಡ್ಡ ಇಳಿಬಿಟ್ಟೆ. ಕೆಳಗಿಳಿದು ನೋಡಿದರೆ ತಾರಸಿಯ ಮೇಲೆ ಹಸೆಮಣೆ ಹಾಕಿದಂತಿತ್ತು. ಕಣ್ಣು ತುಂಬಿ ಬಂತು.

ಮಾರನೆಯ ದಿನ ಬೆಳಗಿನ ಜಾವ ಮೂವರೂ ತಲೆಗೆ ಎಣ್ಣೆ ಇಟ್ಟುಕೊಂಡು ಕೂತೆವು. ಅತ್ತೆ ಮಣೆಯ ಮೇಲೆ, ಮೈಯೆಲ್ಲ ಹರಳೆಣ್ಣೆ. ನಾನು ನಲ್ಲಿ ತಿರುಗಿಸಿ, ಗಂಗೇ ಎಂದು ಮೊದಲ ಚೆಂಬು ಸುರಿದೆ. ಅವರು ಮುಖದ ನೀರು ಒರೆಸಿಕೊಂಡು ತಲೆಯೆತ್ತಿದರು.

"ಗೌರಮ್ಮಿ, ಕೆರೆ ನೀರೇ ಇದ್ಕಿಂತ ಬೆಚ್ಗಿದ್ದದು ಕಣಮ್ಮಿ."

ಮುಟ್ಟಿ ನೋಡಿದೆ. ಉಗುರುಬೆಚ್ಚಗೂ ಅಲ್ಲ. ಗ್ಯಾಸಿನ ಮೇಲೆ ಪಾತ್ರೆ ಪಾತ್ರೆ ನೀರು ಕಾಯಿಸಿ ಓಡಿದೆ. ಅತ್ತೆ ಅಲುಗಾಡದೆ ಕೂತು ಕೆಮ್ಮುತ್ತ, "ಇವತ್ತೇ ಇಳ್ಸುಬುಡು. ಹಬ್ಬುದ್ ದಿನ ಕೈ ಕೊಡದು ಏನ್ ಮಿಸಿನ್ನೋ" ಎನ್ನುತ್ತಿದ್ದರು. ಸೀಗೆಪುಡಿಯ ನೆಪದಲ್ಲಿ ನಾನು ಅತ್ತದ್ದು ಯಾರಿಗೂ ತಿಳಿಯಲಿಲ್ಲ.

ಬೆಳಕು ಹರಿದ ಮೇಲೆ ಯಜಮಾನರು ತಾರಸಿ ಹತ್ತಿದರು. ಆಮೇಲೆ ತಲೆ ಹೊರಚಾಚಿ, "ಗೌರಿ, ಈ ಗಾಜಿಗೆ ಮಣ್ಣು ಮೆತ್ತಿದವರು ಯಾರು?" ಎಂದರು.

"ಮಣ್ಣಲ್ಲ ರೀ, ಪೂಜೆ."

"ನೆನ್ನೆ ಬೆಳಿಗ್ಗೆಯಿಂದ ಒಂದು ಚೂರು ಬಿಸಿಲು ಒಳಗೆ ಹೋಗಿಲ್ಲ ಕಣೇ. ಗಂಗೆಗೆ ಪೂಜೆ ಮಾಡಿ ಸೂರ್ಯನಿಗೆ ಕದ ಹಾಕಿದ್ದೀಯ."

ಅತ್ತೆ ಒದ್ದೆ ಕೂದಲಿಗೆ ಬಟ್ಟೆ ಸುತ್ತಿಕೊಂಡು ಅಂಗಳಕ್ಕೆ ಬಂದು, ಮೇಲೆ ನೋಡಿದರು, ನನ್ನನ್ನು ನೋಡಿದರು. ಒಲೆ ಆರಿಸುವ ನನ್ನ ಆಸೆ ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಅವರು ಸೆರಗು ಬಾಯಿಗಿಟ್ಟುಕೊಂಡು ಹೊಟ್ಟೆ ಹಿಡಿದು ನಗತೊಡಗಿದರು.

"ಅಂಗಾರೆ ಪೆಟ್ಗೆದೇನೂ ತೆಪ್ಪಿಲ್ಲ ಅನ್ನು. ನನ್ ಒಲೆ ಬಾಯ್ಗೂ ಇಂಗೇ ಮಣ್ ಮೆತ್ತುದ್ರೆ ಅದ್ಯಾನ್ ಉರ್ದದು? ತೊಳಿ ಓಗು. ಪಾಡ್ಯದ್ ದಿನ ಇನ್ನೊಂದಪ ಎಣ್ಣೆ ಅಚ್ಕಂತೀನಿ, ನೋಡನ."

ಆ ಹಬ್ಬದಲ್ಲಿ ಒಬ್ಬಟ್ಟು ತಟ್ಟಿದ್ದಕ್ಕಿಂತ ಹೆಚ್ಚು ಹೊತ್ತು ನಾನು ಆ ಗಾಜನ್ನು ತಿಕ್ಕಿದ್ದೇನೆ. ಪಾಡ್ಯದ ಬೆಳಿಗ್ಗೆ ಮೊದಲ ಚೆಂಬು ಬಿದ್ದದ್ದೇ ಅತ್ತೆ ಮಣೆಯಿಂದ ಅರ್ಧ ಎದ್ದು, "ತಣ್ಣೀರ್ ಬೆರ್ಸಮ್ಮಿ, ಬೆಂದೋಯ್ತೀನಿ" ಎಂದರು. ಇಷ್ಟು ಮಧುರವಾದ ಮಾತನ್ನು ನನ್ನ ಮದುವೆಯಾದಾಗಿನಿಂದ ಯಾರ ಬಾಯಲ್ಲೂ ಕೇಳಿರಲಿಲ್ಲ.

ಆ ವಾರವೇ ಒಲೆ ಒಡೆಸಿದೆವು. ಸಂಕ್ರಾಂತಿಯ ಹೊತ್ತಿಗೆ ಅತ್ತೆಯ ಕೆಮ್ಮು ನಿಂತೇ ಹೋಯಿತು. ಬಚ್ಚಲ ಗೋಡೆ ಬೆಳ್ಳಗಾಯಿತು, ನನ್ನ ಕಣ್ಣುರಿ ಹೋಯಿತು. ಎಣಿಸುತ್ತ ಹೋದರೆ ಒಂದು ಕೈಯ ಬೆರಳು ಸಾಲದು. ಆದರೆ ಐದರಿಂದ ಒಂಬತ್ತರವರೆಗೆ ಒಲೆಯ ಮುಂದೆ ಕೂರುತ್ತಿದ್ದ ಅತ್ತೆ ಇನ್ನು ಮುಂದೆ ಎಲ್ಲಿ ಕೂರುತ್ತಾರೆ ಎಂಬುದನ್ನು ನಾನು ಯೋಚಿಸಿರಲಿಲ್ಲ. ಈಗ ಬಿಸಿನೀರು ಮಿಂದು, ಹಣೆಗೆ ವಿಭೂತಿ ಇಟ್ಟು, ಸೀದಾ ನನ್ನ ಅಡುಗೆಮನೆಗೆ ಬಂದು ಕೂರುತ್ತಾರೆ. ಒಗ್ಗರಣೆಗೆ ಸಾಸಿವೆ ಸಿಡಿಯಲಿಲ್ಲ, ಸಾರಿಗೆ ಉಪ್ಪು ಮುಂದಾಯಿತು, ನಿಮ್ಮವ್ವ ಹೀಗೇ ಕಲಿಸಿದ್ದಾ, ಎಲ್ಲ ವಿಚಾರಣೆಯೂ ಒಂಬತ್ತರವರೆಗೆ ನಡೆಯುತ್ತದೆ. ನಡುವೆ ಒಂದೇ ಒಂದು ಕೆಮ್ಮಿಲ್ಲ. ಒಂದು ಅಕ್ಷರವೂ ತಪ್ಪದೆ ನನಗೆ ಕೇಳಿಸುತ್ತದೆ.