ಕಾಕಾನ ಕುರ್ಚಿ ಪರೀಕ್ಷೆ

ನಮ್ಮ ಕಾಕಾನಷ್ಟು ಸಲ ಕುರ್ಚಿಯಿಂದ ಬಿದ್ದವರು ಇಡೀ ಬಸವಕಲ್ಯಾಣ ತಾಲೂಕಿನಲ್ಲಿಲ್ಲ! ರಾಜಕಾರಣಿಗಳನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ದಿನಾ ಬಸ್ಸು ಹಿಡಿದು ಹೋಗಿ ಹುಮನಾಬಾದಿನ ಕಾಲೇಜೊಂದರಲ್ಲಿ ಅವರು ಕುರ್ಚಿ, ಮೇಜುಗಳ ವಿನ್ಯಾಸ ಕಲಿಸುತ್ತಾರೆ. ವಿದ್ಯಾರ್ಥಿಗಳು ಏನೇ ಮಾಡಿದರೂ ಅದರ ಮೇಲೆ ಮೊದಲು ತಾವೇ ಕೂರಬೇಕೆಂಬುದು ಅವರ ಹಟ. ಹೋದ ವರ್ಷ ಒಂದು ಕುರ್ಚಿ ಮುರಿದು ಅಂಗಾತ ಬಿದ್ದರು. ಎಬ್ಬಿಸಲು ಓಡಿಬಂದವರಿಗೇ ಬೈಗುಳ: "ನನ್ನ ಬಿಡ್ರೋ! ಮೊದಲ ಅದು ಎಲ್ಲಿ ಮುರೀತು ನೋಡ್ರಿ!" ಸಂಜೆ ಬೆನ್ನಿಗೆ ಎಣ್ಣೆ ತಿಕ್ಕುತ್ತ ಅವರ ಹೆಂಡತಿ, ನಮ್ಮ ಕಾಕು ಅಂದರು: "ಎಲ್ಲಾ ಕಡೆ ಹುಡುಗರು ಬರದ್ರ ಪರೀಕ್ಷಾ ಮುಗೀತದ. ಇವರಲ್ಲಿ ಮಾಸ್ತರ ಬಿದ್ದ ಮ್ಯಾಲೇ ಮುಗೀತದ!"

ಈ ವರ್ಷ ಬೇಮಳಖೇಡದ ಹುಡುಗಿಯೊಬ್ಬಳು ಖಾಲಿ ಹಾಳೆ ಹಿಡಿದು ಬಂದಳು. ಉಳಿದವರೆಲ್ಲ ಮೊಬೈಲ್ ನೋಡಿ ಪರದೇಶದ ಸೋಫಾಗಳನ್ನು ಹಾಳೆಗಿಳಿಸಿದ್ದರು.

"ನನಗ ಚಿತ್ರ ಬರಂಗಿಲ್ರಿ ಸರ್. ಕಾಲೇಜ್ ಬಿಡತೀನ್ರಿ."

"ಬಿಡಾಕ ಏನು, ಬಿಡು. ಅದಕ್ಕ ಮೊದಲ ಹೇಳು, ನಿಮ್ಮವ್ವ ಎದರ ಮ್ಯಾಲ ಕುಂಡ್ರತಾಳ?"

"ಎಮ್ಮಿ ಹಿಂಡೂವಾಗ ತುದಿಗಾಲ ಮ್ಯಾಲ ಕುಂಡ್ರತಾಳ್ರಿ. ಏಳಬೇಕಾದ್ರ ಮೊಣಕಾಲ ಹಿಡಕೊಂಡು ನರಳತಾಳ್ರಿ."

ಮರುದಿನ ಬೆಳಿಗ್ಗೆಯೇ ಕಾಕಾ ಬೇಮಳಖೇಡದಲ್ಲಿ ಹಾಜರು! ಎಮ್ಮೆಯ ಪಕ್ಕ ತುದಿಗಾಲಲ್ಲಿ ಕೂತರು. ಹಾಲು ಬರಲಿಲ್ಲ, ಒದೆ ಬಂತು. ಕೊನೆಗೆ ಇಬ್ಬರು ಹಿಡಿದು ಎತ್ತಿದರು. "ತ್ರಾಸು ಏನು ಅಂತ ತಿಳೀತು," ಎಂದು ಹುಡುಗಿಯತ್ತ ತಿರುಗಿದರಂತೆ, "ಇನ್ನ ನೀ ಮಾಡು. ಚಿತ್ರ ಬ್ಯಾಡ, ಕಟಗಿ ತಗೋ."

ಅವಳು ಹಾಲು ಹಿಂಡುವ ಮಣೆ ಮಾಡಿದಳು. ಮೊದಲನೆಯದಕ್ಕೆ ನಾಲ್ಕು ಕಾಲು. ಕೊಟ್ಟಿಗೆಯ ಏರುತಗ್ಗಿನ ನೆಲದಲ್ಲಿ ಅದು ಅಲುಗಾಡಿತು, ಎಮ್ಮೆ ಬೆದರಿತು, ಕಾಕಾ ಸಗಣಿಯಲ್ಲಿ ಕೂತರು. ಮೂರು ಕಾಲಿನದು ಗಟ್ಟಿಯಾಗಿ ನಿಂತಿತು, ಆದರೆ ಎತ್ತರ ಹೆಚ್ಚಾಗಿ ಕೆಚ್ಚಲಿಗೆ ಕೈ ಎಟುಕಲಿಲ್ಲ. ಅಷ್ಟರಲ್ಲಿ ತಪ್ಪು ತೋರಿಸುವ ಕೆಲಸ ಕಾಕಾನಿಗೆ ಉಳಿದಿರಲಿಲ್ಲ, ಅವಳೇ ಹುಡುಕುತ್ತಿದ್ದಳು. ಮತ್ತೊಂದನ್ನು ತುಸು ತಗ್ಗಾಗಿ ಮಾಡಿ, ಊರಿ ಏಳಲು ಪಕ್ಕದಲ್ಲಿ ಹಿಡಿಕೆ ಕೂಡಿಸಿದಳು.

ಬಸವಕಲ್ಯಾಣದಲ್ಲಿ ನಡೆದ ವಿದ್ಯಾರ್ಥಿಗಳ ಪ್ರದರ್ಶನಕ್ಕೆ ನಾನೂ ಹೋಗಿದ್ದೆ. ಮಿರಿಮಿರಿ ಸೋಫಾಗಳ ನಡುವೆ ಆ ಮಣೆ ನೋಡಿ ತೀರ್ಪುಗಾರರೊಬ್ಬರು ಕೇಳಿದರು: "ಇದರಾಗ ಡಿಸೈನ್ ಎಲ್ಲಿ ಅದ?"

ಹುಡುಗಿ ಅವ್ವನನ್ನು ಕರೆದಳು. ಅವ್ವ ಕೂತಳು. ಹಿಡಿಕೆ ಊರಿ ಸಲೀಸಾಗಿ ಎದ್ದಳು. "ಲಗೂ ನೋಡಿ ಮುಗಸ್ರಿ ಸಾಹೇಬ್ರ. ಸಂಜಿಗೆ ಎಮ್ಮಿ ಹಿಂಡಬೇಕು, ಇದು ನನಗ ವಾಪಸ್ ಬೇಕು!"

ಮೊದಲ ಬಹುಮಾನ! ಕಾಲೇಜು ಬಿಡುವ ಮಾತನ್ನು ಹುಡುಗಿ ಮತ್ತೆ ಎತ್ತಲಿಲ್ಲ.

ಮನೆಗೆ ನಡೆದು ಬರುವಾಗ ಕಾಕಾನನ್ನು ಚೆನ್ನಾಗಿ ಛೇಡಿಸಬೇಕೆಂದಿದ್ದೆ. ಅವರು ದಾರಿಯಲ್ಲೇ ನಿಂತುಬಿಟ್ಟರು.

"ನೀನೂ ಹಿಂಗೇ 'ಬರಂಗಿಲ್ಲ' ಅಂತ ನನ್ನ ಕ್ಲಾಸ್ ಬಿಟ್ಟಿದ್ದಿ. ನಾ ಏನೂ ಕೇಳಲಿಲ್ಲ. 'ಆಯ್ತು, ಹೋಗು' ಅಂದೆ. ಅವಾಗ ನನಗ ಕಲಸಾಕ ಬರತಿರಲಿಲ್ಲವ್ವಾ."

ಈ ಮಾತಿಗಾಗಿ ಇಪ್ಪತ್ತು ವರ್ಷ ಕಾದಿದ್ದೆನೆಂದು ನನಗೇ ಗೊತ್ತಿರಲಿಲ್ಲ.

"ಈಗ ಬಂದ್ರ ಕಲಸ್ತೀರೇನ್ರಿ ಕಾಕಾ?"

"ಸೋಮವಾರ ಹುಮನಾಬಾದಿನ ಎಂಟರ ಬಸ್ಸಿಗೆ ಬಾ," ಎಂದರು.