ವಾಮದಪದವು ಏರಿನಲ್ಲಿ ಸೈಕಲ್ ತುಳಿಯುವವರನ್ನು ಮಾತನಾಡಿಸುವ ಕುರಿತು

ಸಮನ್ವಯ ಹಾಗೂ ಇತರೆ ವಿಷಯಗಳ ಇಲಾಖೆ
ಉಪಶಾಖೆ, ವಾಮದಪದವು ಏರಿನ ಬುಡ, ಬಂಟ್ವಾಳ ತಾಲೂಕು

ಸಂಖ್ಯೆ: ಸಇವಿ/ಸೈಕಲ್/ಗೇರು/ಏರು/2025-26

ತಿದ್ದುಪಡಿ ಸುತ್ತೋಲೆ

ವಿಷಯ: ಗೇರು ಸೈಕಲ್ ಪುನಃ ಕಲಿಯುತ್ತಿರುವ ನೌಕರರೊಂದಿಗೆ ಸಾರ್ವಜನಿಕರು ವರ್ತಿಸಬೇಕಾದ ರೀತಿ.

ಉಲ್ಲೇಖ: 1. ಇದೇ ಕಚೇರಿಯ ಮೌನ ಪಾಲನೆ ಸುತ್ತೋಲೆ (ವಿಷಾದದೊಂದಿಗೆ ಹಿಂಪಡೆದಿದೆ).
2. ಪ್ರಥಮ ದರ್ಜೆ ಸಹಾಯಕಿ ಶ್ರೀಮತಿ ಪರಮೇಶ್ವರಿ ಅವರ ಮನವಿ.
3. ಬೀಡಿ ಕಟ್ಟುವ ಆಸ್ಯಮ್ಮ ಅವರ ಮೌಖಿಕ ಅಭಿಪ್ರಾಯ (ಕೇಳದೆ ನೀಡಿದ್ದು).

ಇಂಧನ ಉಳಿತಾಯದ ಅಂಗವಾಗಿ ಮೂಡುಬಿದಿರೆಯಿಂದ ಬಂಟ್ವಾಳಕ್ಕೆ ನಡೆಯಲಿರುವ ನೌಕರರ ಸೈಕಲ್ ಜಾಥಾಕ್ಕೆ ಪ್ರತಿ ಕಚೇರಿಯಿಂದ ಒಬ್ಬರನ್ನು ಕಳುಹಿಸಬೇಕಿದ್ದು, ಈ ಕಚೇರಿಯಿಂದ ಶ್ರೀಮತಿ ಪರಮೇಶ್ವರಿ ಅವರು ಮಾತ್ರ ಹೆಸರು ಕೊಟ್ಟಿರುತ್ತಾರೆ. ಹೈಸ್ಕೂಲು ಸೇರಿದ ವರ್ಷ ಸದರಿಯವರ ಸೈಕಲ್ ತಮ್ಮನ ಪಾಲಾಗಿದ್ದು, ತದನಂತರ ಅವರು ಪೆಡಲಿನ ಮೇಲೆ ಕಾಲಿಟ್ಟಿರುವುದಿಲ್ಲ. ಆಗಿನ ಸೈಕಲಿಗೆ ಗೇರು ಇರಲಿಲ್ಲ. ಈಗಿನದಕ್ಕೆ ಮುಂದೆ ಮೂರು, ಹಿಂದೆ ಏಳು ಇರುತ್ತವೆ. ಆದಕಾರಣ ಕಚೇರಿಯಿಂದ ಪೇಟೆಯವರೆಗಿನ ಏರನ್ನು ನೆಲಕ್ಕೆ ಕಾಲು ತಾಗಿಸದೆ ಹತ್ತಿದಲ್ಲಿ ಮಾತ್ರ ಜಾಥಾಕ್ಕೆ, ತಪ್ಪಿದಲ್ಲಿ ಜಾಥಾದ ಹಿಂದೆ ಬರುವ ಡೀಸೆಲ್ ಜೀಪಿಗೆ ನಿಯೋಜಿಸುವುದೆಂದು ಷರತ್ತು ವಿಧಿಸಲಾಗಿತ್ತು.

ಸದರಿಯವರು ಮನವಿಯಲ್ಲಿ, "ಇಷ್ಟು ವರ್ಷ ಎಲ್ಲ ಜಾಥಾಕ್ಕೂ ಜೀಪಿನಲ್ಲಿ ಬಾಳೆಹಣ್ಣಿನ ಗೊನೆಯೊಟ್ಟಿಗೆ ಕೂತು ಹೋಗಿದ್ದೇನೆ ಸಾರ್. ನಿವೃತ್ತಿಗೆ ಮೊದಲು ಒಂದು ಸಲ ಎದುರಿನಲ್ಲಿ ಹೋಗಬೇಕೂಂತ ಆಸೆ ಉಂಟು" ಎಂದು ಬರೆದಿರುತ್ತಾರೆ. ಆಸೆಯು ಯಾವ ನಿಯಮದಡಿ ಬರುತ್ತದೆಂದು ಪರಿಶೀಲಿಸಲಾಗಿ, ಯಾವುದರಡಿಯೂ ಬರುವುದಿಲ್ಲವೆಂದು ಕಂಡುಬಂದಿದೆ. ಆದರೂ ಮನವಿಯನ್ನು ತಿರಸ್ಕರಿಸಲು ಮನಸ್ಸು ಬಾರದ ಕಾರಣ ಈ ಕೆಳಗಿನಂತೆ ಆದೇಶಿಸಿದೆ.

1. ಸಂಖ್ಯೆ ದೊಡ್ಡದಾದಷ್ಟು ಬಲವೂ ಹೆಚ್ಚೆಂದು ನಂಬಿ ಸದರಿಯವರು ಆರಂಭದಲ್ಲಿ ಏಳನೇ ಗೇರಿನಲ್ಲೇ ಏರು ಹತ್ತಲು ಹೊರಟು, ಸೈಕಲ್ ಸಹಿತ ರಸ್ತೆ ಬದಿಯ ಕಣಿಗೆ (ಚರಂಡಿಗೆ) ಬಿದ್ದಿರುತ್ತಾರೆ. ಏಳರಿಂದ ಒಂದಕ್ಕೆ ಇಳಿಯಲು ತಿಳಿಸಿದಾಗ "ಇಷ್ಟು ಸರ್ವಿಸ್ ಆದ ಮೇಲೆ ಒಂದಕ್ಕಾ?" ಎಂದು ಕೇಳಿರುತ್ತಾರೆ. ಏರಿನಲ್ಲಿ ಒಂದನೇ ಗೇರಿಗೆ ಬರುವುದನ್ನು ಹಿಂಬಡ್ತಿಯೆಂದು ಪರಿಗಣಿಸತಕ್ಕದ್ದಲ್ಲ, ಇದರಿಂದ ಹಿರಿತನಕ್ಕಾಗಲಿ ಪಿಂಚಣಿಗಾಗಲಿ ಧಕ್ಕೆಯಿಲ್ಲವೆಂದು ಈ ಮೂಲಕ ಸ್ಪಷ್ಟಪಡಿಸಲಾಗಿದೆ.

2. ಬಿದ್ದ ಚೈನನ್ನು ಪುನಃ ಹಾಕುವುದು ಯಾವ ದರ್ಜೆಯ ನೌಕರರ ಕರ್ತವ್ಯವೆಂಬ ಬಗ್ಗೆ ಮೇಲಿನ ಕಚೇರಿಯಿಂದ ಸ್ಪಷ್ಟೀಕರಣ ಕೋರಲಾಗಿದೆ. ಸ್ಪಷ್ಟೀಕರಣ ಬರುವವರೆಗೆ ಚೈನು ಬೀಳತಕ್ಕದ್ದಲ್ಲ.

3. ಗೇರು ಸರಿಹೋದ ಬಳಿಕವೂ ಏರು ಮುಗಿಯದಿರಲು ಸಾರ್ವಜನಿಕರೇ ಕಾರಣರೆಂದು ತನಿಖೆಯಿಂದ ದೃಢಪಟ್ಟಿದೆ. "ಎಲ್ಲಿಗೆ ಅಕ್ಕ ಸವಾರಿ?", "ಸ್ಕೂಟರಿಗೆ ಎಂಥ ಆಯ್ತು?", "ಡಾಕ್ಟ್ರು ಹೇಳಿದ್ದಾ? ಶುಗರ್ ಉಂಟಾ?" ಎಂಬ ಪ್ರಶ್ನೆಗಳು ಏರಿನ ಉದ್ದಕ್ಕೂ ಕೇಳಿಬಂದಿರುತ್ತವೆ. ಉತ್ತರಿಸದೆ ಮುಂದೆ ಹೋದರೆ ಅಹಂಕಾರ ಬಂತು ಅನ್ನುತ್ತಾರೆಂದು ಹೆದರಿ, ಸದರಿಯವರು ಪ್ರತಿ ಅಂಗಡಿಯ ಮುಂದೆಯೂ ಇಳಿದು, ನಿಂತು, ನಗುತ್ತಾ ಉತ್ತರಿಸಿರುತ್ತಾರೆ. ಅರ್ಧ ಏರಿನಲ್ಲಿ ಇಳಿದವರಿಗೆ ಮತ್ತೆ ಹತ್ತಲು ಬಾರದ ಕಾರಣ, ಉಳಿದ ಏರನ್ನು ಸೈಕಲ್ ದೂಡಿಕೊಂಡು ಹೋಗಿರುತ್ತಾರೆ.

4. ಪರಿಹಾರವಾಗಿ ಬೆಲ್ ಪದ್ಧತಿಯನ್ನು ಜಾರಿಗೆ ತರಲಾಗಿತ್ತು. ಒಂದು ಸಲ ಹೊಡೆದರೆ "ಪೇಟೆಗೆ", ಎರಡು ಸಲಕ್ಕೆ "ಊಟ ಆಯಿತು", ಮೂರು ಸಲಕ್ಕೆ "ಶುಗರ್ ಇಲ್ಲ" ಎಂದು ತಿಳಿಯತಕ್ಕದ್ದಾಗಿತ್ತು. ಶುಗರ್ ಇಲ್ಲವೆಂದು ತಿಳಿಸುವ ಭರದಲ್ಲಿ ಬೆರಳು ಗೇರಿಗೆ ತಾಗಿ ಸದರಿಯವರು ಎರಡನೇ ಬಾರಿ ಕಣಿಗೆ ಬಿದ್ದ ಕಾರಣ ಪದ್ಧತಿಯನ್ನು ಕೈಬಿಡಲಾಗಿದೆ.

5. ಆಗ ಹೊರಡಿಸಿದ್ದೇ ಮೌನ ಪಾಲನೆ ಸುತ್ತೋಲೆ. ಸಾರ್ವಜನಿಕರು ಅದನ್ನು ಅಕ್ಷರಶಃ ಪಾಲಿಸಿರುತ್ತಾರೆ. ಏರಿನ ಬದಿಯ ಹೋಟೆಲಿನ ಅಣ್ಣು ಅವರು ರೇಡಿಯೋ ಬಂದ್ ಮಾಡಿ, ಗಿರಾಕಿಗಳನ್ನು ಗೋಡೆಯ ಕಡೆಗೆ ತಿರುಗಿಸಿ ಕೂರಿಸಿರುತ್ತಾರೆ. ಚೆನ್ನಾಗಿಯೇ ಹತ್ತುತ್ತಿದ್ದ ಸದರಿಯವರು ದಾರಿಯ ಅಂಗಡಿಗಳ ಮೌನ ಕಂಡು ಗಾಬರಿಯಾಗಿ ಅರ್ಧದಲ್ಲೇ ಇಳಿದು, "ಯಾಕೆ ಎಲ್ಲ ಹೀಗೆ ಕೂತಿದ್ದೀರಿ? ಯಾರು ಹೋದದ್ದು ಮಾರಾಯ್ರೆ?" ಎಂದು ಕೇಳಿರುತ್ತಾರೆ. ಸುತ್ತೋಲೆಗೆ ಬದ್ಧರಾಗಿ ಯಾರೂ ಉತ್ತರಿಸದಿದ್ದುದರಿಂದ ಸಾವು ಖಚಿತವೆಂದು ಭಾವಿಸಿ ಅತ್ತಿರುತ್ತಾರೆ. ಅವರು ಅಳುವುದನ್ನು ಕಂಡು ಗಿರಾಕಿಗಳಲ್ಲಿ ಕೆಲವರೂ ಅತ್ತಿದ್ದು, ತೀರಿಕೊಂಡವರು ಯಾರೆಂಬುದು ಇದುವರೆಗೆ ಪತ್ತೆಯಾಗಿರುವುದಿಲ್ಲ.

6. ಇದನ್ನೆಲ್ಲ ನೋಡಿದ ಆಸ್ಯಮ್ಮ ಅವರು ಕಚೇರಿಗೆ ಬಂದು, "ನೀವು ಎಂಥ ಸಾರ್, ಊರಿನ ಬಾಯಿ ಕಟ್ಟಿದ್ದು? ಮಾತು ನಿಂತರೆ ಅವರ ಕಾಲೂ ನಿಲ್ತದೆ. ನಾನು ಬದಿಯಲ್ಲೇ ಮಾತಾಡ್ತಾ ಬರ್ತೇನೆ, ನೀವು ಸುಮ್ಮನೆ ನೋಡಿ" ಎಂದಿರುತ್ತಾರೆ. ಸದರಿ ಅಭಿಪ್ರಾಯವನ್ನು ಅಂಗೀಕರಿಸಿ, ಈ ಕೆಳಗಿನ ನಿಯಮಗಳನ್ನು ತಕ್ಷಣದಿಂದ ಜಾರಿಗೊಳಿಸಿದೆ:

(ಅ) ಏರಿನಲ್ಲಿ ಸೈಕಲ್ ತುಳಿಯುವವರಿಗೆ ಪ್ರಶ್ನೆ ಕೇಳತಕ್ಕದ್ದಲ್ಲ. ಕಥೆ ಹೇಳತಕ್ಕದ್ದು.

(ಆ) ಕಥೆಯನ್ನು ಏರಿನ ಬುಡದಲ್ಲಿ ಆರಂಭಿಸತಕ್ಕದ್ದು. ತುದಿ ತಲುಪುವ ಮೊದಲು ಯಾವ ಕಾರಣಕ್ಕೂ ಮುಗಿಸತಕ್ಕದ್ದಲ್ಲ. ಸಣ್ಣ ಕಥೆ ಇರುವವರು ಇಳಿಜಾರಿನಲ್ಲಿ ಕಾಯುವುದು.

(ಇ) ಹಿಂದೆ ಬರುವ ಬಸ್ಸಿನವರು ಹಾರ್ನ್ ಹಾಕುವಂತಿಲ್ಲ. ಕಿಟಕಿ ಬದಿಯ ಪ್ರಯಾಣಿಕರಿಗೆ ಕಥೆ ಕೇಳಿಸುವುದಿಲ್ಲವೆಂದು ದೂರು ಬರುವ ಸಂಭವವಿರುತ್ತದೆ.

7. ಈ ಸುತ್ತೋಲೆ ಟೈಪಾಗುತ್ತಿರುವಾಗಲೇ ಇಂದು ಬೆಳಿಗ್ಗೆ ನಡೆದ ಪರೀಕ್ಷೆಯ ವರದಿ ಹೀಗಿರುತ್ತದೆ. ನಿಝಾಮುದ್ದೀನ್ ಅವರ ರಿಕ್ಷಾದಲ್ಲಿ ಕೂತ ಆಸ್ಯಮ್ಮ ಅವರು, ತಮ್ಮ ತಂಗಿಯ ಮಗಳು ಫಾಹಿಮಾಳ ಮದುವೆಯ ದಿನ ಬಿರಿಯಾನಿಯ ದೊಡ್ಡ ಪಾತ್ರೆಯು ವಿಳಾಸ ತಪ್ಪಿ ಬೇರೆ ಮದುವೆ ಮನೆಗೆ ಹೋಗಿ, ಅಲ್ಲಿ ಬಡಿಸಲು ಶುರುವಾದ ಕಥೆಯನ್ನು ತಲೆ ಹೊರಹಾಕಿ ಹೇಳುತ್ತಾ ಸಾಗಿರುತ್ತಾರೆ. ಸದರಿಯವರು ಒಂದನೇ ಗೇರಿನಲ್ಲಿ "ಅಯ್ಯೋ! ಮತ್ತೆ?", "ಮತ್ತೆ?" ಎನ್ನುತ್ತಾ ಹತ್ತಿರುತ್ತಾರೆ. ಅಣ್ಣು ಅವರ ಹೋಟೆಲಿನ ಗಿರಾಕಿಗಳೂ ಚಾ ಬಿಟ್ಟು ಹಿಂದೆ ಹೋಗಿರುತ್ತಾರೆ. ಕಾಲು ನೆಲಕ್ಕೆ ತಾಗುತ್ತದೆಯೇ ಎಂದು ಪರಿಶೀಲಿಸಲು ಬೆನ್ನಟ್ಟಿ ಓಡಿದ ಕೆಳಗೆ ಸಹಿ ಮಾಡಿದವರು ಅರ್ಧ ಏರಿನಲ್ಲಿ ಏದುಸಿರು ಬಿಟ್ಟು ಕೂತಿದ್ದು, ಎಲ್ಲಿಗೆ ಎಂದು ಅವರನ್ನು ಕೇಳಲು ಅಲ್ಲಿ ಒಬ್ಬರೂ ಉಳಿದಿರಲಿಲ್ಲ.

8. ಕಾಲು ತಾಗಿಲ್ಲವೆಂದು ಗಿರಾಕಿಗಳು ಏರಿನ ತುದಿಯಿಂದ ಕೂಗಿ ತಿಳಿಸಿರುತ್ತಾರೆ. ಶ್ರೀಮತಿ ಪರಮೇಶ್ವರಿ ಅವರನ್ನು ಜಾಥಾದ ಮೊದಲ ಸಾಲಿಗೆ ನಿಯೋಜಿಸಿ ಆದೇಶಿಸಿದೆ. ಜೀಪಿನ ಸೀಟಿಗೆ ಕೆಳಗೆ ಸಹಿ ಮಾಡಿದವರನ್ನು ನಿಯೋಜಿಸಲಾಗಿದೆ. ಈ ಕಚೇರಿಗೆ ಬಹಳ ಸಂತೋಷವಾಗಿದೆ. ಸಂತೋಷ ನಮೂದಿಸಲು ಪ್ರತ್ಯೇಕ ಕಾಲಂ ಇಲ್ಲದಿರುವುದರಿಂದ ಇಲ್ಲಿಯೇ ನಮೂದಿಸಿದೆ.

9. ಏರಿನ ತುದಿ ಬಂದರೂ ಬಿರಿಯಾನಿಯ ಗತಿ ತಿಳಿಯದ ಕಾರಣ ಸದರಿಯವರು ನಿಲ್ಲದೆ ಬೆಳ್ತಂಗಡಿ ದಿಕ್ಕಿಗೆ ಮುಂದುವರಿದಿರುತ್ತಾರೆ. ಈ ದಿನದ ಹಾಜರಿಯನ್ನು ರಸ್ತೆಯಲ್ಲೇ ಪರಿಗಣಿಸಲಾಗುವುದು.

ಸಹಿ/-
ಗಣೇಶಪ್ರಸಾದ್
ಸಹಾಯಕ ನಿರ್ದೇಶಕರು (ಪ್ರಭಾರ)
(ಇನ್ನೂ ಅರ್ಧ ಏರಿನಲ್ಲಿ)

ಪ್ರತಿಗಳು:
1. ಆಸ್ಯಮ್ಮ ಅವರಿಗೆ, ಕಥೆಯ ಉಳಿದ ಭಾಗವನ್ನು ಈ ಕಚೇರಿಗೂ ತಿಳಿಸುವ ಕೋರಿಕೆಯೊಂದಿಗೆ.
2. ಬಿರಿಯಾನಿ ತಪ್ಪಿ ಬಂದು ತಲುಪಿದ ಮದುವೆ ಮನೆಯವರಿಗೆ, ವಿಳಾಸ ಸಿಕ್ಕಿದ ನಂತರ.
3. ಶ್ರೀಮತಿ ಪರಮೇಶ್ವರಿ ಅವರಿಗೆ, ಏರು ಮುಗಿದಿದೆ ಎಂಬ ಮಾಹಿತಿಗಾಗಿ. ಅವರಿಗೆ ಇನ್ನೂ ಗೊತ್ತಾದಂತಿಲ್ಲ.
4. ಬೆಳ್ತಂಗಡಿಯಾಚೆಯ ಕಕ್ಕಿಂಜೆ ಉಪಶಾಖೆಗೆ. ಸದರಿಯವರು ಆ ಕಡೆ ಕಂಡುಬಂದಲ್ಲಿ ಎಲ್ಲಿಗೆಂದು ಕೇಳತಕ್ಕದ್ದಲ್ಲ. ದಾರಿ ಬಿಡತಕ್ಕದ್ದು.